ಪಬ್ಲಿಕ್, ಪ್ರೈವೇಟ್, ಹೈಬ್ರಿಡ್: ಯಾವ ಕೆಲಸಕ್ಕೆ ಯಾವ ಕ್ಲೌಡ್?

ಪಬ್ಲಿಕ್ ಕ್ಲೌಡ್ ಅಗ್ಗವಂತೆ, ಪ್ರೈವೇಟ್ ಸುರಕ್ಷಿತವಂತೆ, ಹೈಬ್ರಿಡ್ ತೆಗೆದುಕೊಂಡರೆ ಎರಡರ ಲಾಭವೂ ಸಿಗುತ್ತದಂತೆ. ಕ್ಲೌಡ್ ಆಯ್ಕೆಯ ಚರ್ಚೆ ಬಹಳ ಸಲ ಈ ಅಂತೆಕಂತೆಗಳಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ಮೂರೂ ಅರ್ಧಸತ್ಯ. ದಿನವಿಡೀ ಒಂದೇ ಹದದಲ್ಲಿ ಓಡುವ ಡೇಟಾಬೇಸ್‌ಗೆ ಒಗ್ಗುವ ವ್ಯವಸ್ಥೆ, ತಿಂಗಳ ಕೊನೆಯ ಎರಡು ದಿನ ಮಾತ್ರ ಮೈಮುರಿದು ದುಡಿಯುವ ಬಿಲ್ಲಿಂಗ್ ಕೆಲಸಕ್ಕೆ ಒಗ್ಗುವುದಿಲ್ಲ. ಎರಡೂ ಒಂದೇ ಸಂಸ್ಥೆಯಲ್ಲಿರಬಹುದು. ಹಾಗಾಗಿ ‘ನಮ್ಮ ಸಂಸ್ಥೆಗೆ ಯಾವ ಕ್ಲೌಡ್’ ಎಂಬ ಪ್ರಶ್ನೆ ಬಿಟ್ಟು, ‘ಈ ಅಪ್ಲಿಕೇಶನ್‌ಗೆ ಯಾವುದು’ ಎಂದು ಒಂದೊಂದಕ್ಕೂ ಬೇರೆಯಾಗಿ ಕೇಳಬೇಕು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2011ರ ಸೆಪ್ಟೆಂಬರಿನಲ್ಲಿ ಕೊಟ್ಟ ವ್ಯಾಖ್ಯೆ ಇವತ್ತಿಗೂ ಚಲಾವಣೆಯಲ್ಲಿದೆ. ಅದರಲ್ಲಿ ನಾಲ್ಕು ಬಗೆ: ಯಾರು ಬೇಕಾದರೂ ಬಾಡಿಗೆಗೆ ಪಡೆಯುವ ಪಬ್ಲಿಕ್, ಒಂದೇ ಸಂಸ್ಥೆಗೆ ಮೀಸಲಾದ ಪ್ರೈವೇಟ್, ಸಮಾನ ಅಗತ್ಯದ ಕೆಲವು ಸಂಸ್ಥೆಗಳು ಹಂಚಿಕೊಳ್ಳುವ ಕಮ್ಯುನಿಟಿ, ಇವುಗಳಲ್ಲಿ ಎರಡನ್ನಾದರೂ ಜೋಡಿಸಿದ ಹೈಬ್ರಿಡ್. ಒಂದಕ್ಕಿಂತ ಹೆಚ್ಚು ಪೂರೈಕೆದಾರರನ್ನು ಬಳಸುವ ಮಲ್ಟಿಕ್ಲೌಡ್ ಆ ಪಟ್ಟಿಯಲ್ಲಿಲ್ಲ. ಯಂತ್ರ ಎಲ್ಲಿದೆ ಎಂಬುದಕ್ಕಿಂತ ಅದನ್ನು ಯಾರು ಯಾರು ಹಂಚಿಕೊಂಡಿದ್ದಾರೆ ಎಂಬುದೇ ಈ ವಿಂಗಡಣೆಗೆ ಆಧಾರ. ಬೇರೆಯವರ ಡೇಟಾ ಸೆಂಟರಿನಲ್ಲಿ ನಿಮಗೊಬ್ಬರಿಗೇ ಮೀಸಲಾದ ಯಂತ್ರಗಳಿದ್ದರೂ ಅದು ಪ್ರೈವೇಟ್. ಹೆಸರಿನಲ್ಲೇ ‘ಪ್ರೈವೇಟ್’ ಇಟ್ಟುಕೊಂಡಿರುವ ವಿಪಿಸಿ (ವರ್ಚುವಲ್ ಪ್ರೈವೇಟ್ ಕ್ಲೌಡ್) ಮಾತ್ರ ಪಬ್ಲಿಕ್ ಕ್ಲೌಡಿನೊಳಗೆ ಹಾಕಿದ ನೆಟ್‌ವರ್ಕ್ ಬೇಲಿ. ಅಡಿಯಲ್ಲಿರುವ ಯಂತ್ರ ಹತ್ತು ಜನರದ್ದೇ. ಇನ್ನು, ನಿಮ್ಮ ಕಟ್ಟಡದ ಸರ್ವರ್‌ಗಳ ಮೇಲೆ ವರ್ಚುವಲ್ ಮಷೀನ್ (ಸರ್ವರ್‌ನೊಳಗೆ ತಂತ್ರಾಂಶದಿಂದ ರಚಿಸಿದ ಯಂತ್ರ) ಓಡಿಸಿದ ಮಾತ್ರಕ್ಕೆ ಅದು ಪ್ರೈವೇಟ್ ಕ್ಲೌಡ್ ಆಗುವುದಿಲ್ಲ. ಡೆವಲಪರ್ ಯಾರನ್ನೂ ಕೇಳದೆ ತಾನೇ ಯಂತ್ರ ಪಡೆಯುವಂತಿರಬೇಕು, ಎಷ್ಟು ಬಳಸಿದ ಎಂಬ ಅಳತೆ ಸಿಗಬೇಕು. ಟಿಕೆಟ್ (ಐಟಿ ವಿಭಾಗಕ್ಕೆ ಕೋರಿಕೆ) ಹಾಕಿ ಮೂರು ದಿನ ಕಾಯಬೇಕಾದರೆ ಅದು ಹಳೆಯ ಸರ್ವರ್ ಕೋಣೆಯೇ.

ಅಳತೆಗೋಲುಗಳು

ಮೊದಲನೆಯದು ಹೊರೆಯ ಆಕಾರ. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ನಾಲ್ಕರ ಬಳಕೆಯನ್ನೂ ಕನಿಷ್ಠ 30 ದಿನ, ಸಾಧ್ಯವಾದರೆ ವರ್ಷದ ಅತಿ ಗದ್ದಲದ ತಿಂಗಳನ್ನೂ ಸೇರಿಸಿ ಅಳೆಯಿರಿ. ಸರಾಸರಿಗೂ ಗರಿಷ್ಠಕ್ಕೂ ನಡುವಿನ ಅಂತರ ನೋಡಿ. ಗರಿಷ್ಠವು ಸರಾಸರಿಯ ಒಂದೂವರೆ ಪಟ್ಟಿನೊಳಗಿದ್ದರೆ ಅದು ಸಮತಟ್ಟಾದ ಹೊರೆ. ಐದು-ಹತ್ತು ಪಟ್ಟಾದರೆ ಏರಿಳಿತದ್ದು. ಮುಂದಿನ ಅರ್ಧ ಲೆಕ್ಕ ಇದೊಂದರಲ್ಲೇ ತೀರ್ಮಾನವಾಗುತ್ತದೆ.

ಎರಡನೆಯದು ಡೇಟಾದ ತೂಕ ಮತ್ತು ಓಡಾಟ. 10 ಟಿಬಿ ಡೇಟಾವನ್ನು 100 ಎಂಬಿಪಿಎಸ್ ಸಂಪರ್ಕದಲ್ಲಿ ಸಾಗಿಸಲು ಲೈನ್ ಪೂರ್ತಿ ತುಂಬಿ ಹರಿದರೂ ಒಂಬತ್ತು ದಿನಕ್ಕೂ ಮಿಕ್ಕಿ ಬೇಕು. 1 ಜಿಬಿಪಿಎಸ್‌ನಲ್ಲಿ ಸುಮಾರು 22 ಗಂಟೆ. ಡೇಟಾ ಎಲ್ಲಿ ಬೀಡುಬಿಟ್ಟಿದೆಯೋ ಅದನ್ನು ಅರೆಯುವ ಕೆಲಸವೂ ಅಲ್ಲೇ ನಡೆಯಬೇಕಾಗುತ್ತದೆ.

ಮೂರನೆಯದು ಕಾನೂನು. ಡೇಟಾ ಯಾವ ದೇಶದ ನೆಲದಲ್ಲಿದೆ ಎಂಬುದು ಒಂದು ಪ್ರಶ್ನೆ, ಅದನ್ನು ಇಟ್ಟುಕೊಂಡ ಕಂಪನಿ ಯಾವ ದೇಶದ ಕಾನೂನಿಗೆ ಒಳಪಟ್ಟಿದೆ ಎಂಬುದು ಇನ್ನೊಂದು. ಅಮೆರಿಕದ 2018ರ ಕ್ಲೌಡ್ ಕಾಯ್ದೆ ಪ್ರಕಾರ ಅಲ್ಲಿನ ಕಂಪನಿ ತನ್ನ ಹಿಡಿತದಲ್ಲಿರುವ ಡೇಟಾವನ್ನು, ಅದು ಪರದೇಶದ ಡೇಟಾ ಸೆಂಟರಿನಲ್ಲಿದ್ದರೂ, ಕಾನೂನುಬದ್ಧ ಆದೇಶ ಬಂದಾಗ ಒಪ್ಪಿಸಬೇಕಾಗಬಹುದು. ‘ಸ್ಥಳೀಯ ರೀಜನ್ (ಪೂರೈಕೆದಾರರ ಡೇಟಾ ಸೆಂಟರುಗಳ ಪ್ರದೇಶ) ಆರಿಸಿದ್ದೇವೆ, ಸಾಕು’ ಎನ್ನುವ ಮುನ್ನ ವಕೀಲರನ್ನು ಕೇಳಿ. ಕೀಲಿಗಳನ್ನು ನೀವೇ ಇಟ್ಟುಕೊಂಡು ಎನ್‌ಕ್ರಿಪ್ಟ್ ಮಾಡುವುದು ಈ ಆತಂಕವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ, ಆದರೆ ಕೀಲಿ ಕಳೆದರೆ ಡೇಟಾವೂ ಹೋಯಿತು.

ನಾಲ್ಕನೆಯದು ಜನ. ವಾರಕ್ಕೆ 168 ಗಂಟೆ. ಒಬ್ಬರು 40 ಗಂಟೆ ದುಡಿದರೆ ಹಗಲೂ ರಾತ್ರಿ ಒಂದೇ ಒಂದು ಕುರ್ಚಿ ತುಂಬಲು ನಾಲ್ಕಕ್ಕೂ ಹೆಚ್ಚು ಜನ ಬೇಕು, ರಜೆ ಸೇರಿಸಿದರೆ ಐದು. ಬೆಲೆಪಟ್ಟಿಗಳಲ್ಲಿ ಕಾಣಿಸದ ಬಾಬತ್ತು ಇದು, ಹಾಗಾಗಿಯೇ ಲೆಕ್ಕವನ್ನು ತಲೆಕೆಳಗು ಮಾಡುವುದೂ ಇದೇ.

ಕೊನೆಯದಾಗಿ, ಸೇವೆ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು? ಶೇ. 99.9 ಲಭ್ಯತೆ ಎಂದರೆ 30 ದಿನದ ತಿಂಗಳಲ್ಲಿ 43 ನಿಮಿಷ ನಿಲುಗಡೆ, ಶೇ. 99.99 ಎಂದರೆ ನಾಲ್ಕು ನಿಮಿಷ ಚಿಲ್ಲರೆ. ಈ ಭರವಸೆ ಮುರಿದಾಗ ಪೂರೈಕೆದಾರರು ಕೊಡುವುದು ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿ. ನಿಮ್ಮ ವ್ಯಾಪಾರದ ನಷ್ಟವನ್ನು ಅದು ತುಂಬಿಕೊಡುವುದಿಲ್ಲ.

ಪಬ್ಲಿಕ್ ಕ್ಲೌಡ್: ಬೇರೆ ಕಾರಣ ಸಿಗುವವರೆಗೆ ಇದೇ

ಅಮೆಜಾನ್ 2006ರಲ್ಲಿ ಎಸ್3 (ಡೇಟಾ ಸಂಗ್ರಹ) ಮತ್ತು ಇಸಿ2 (ಬಾಡಿಗೆ ಸರ್ವರ್) ಸೇವೆ ತೆರೆದಾಗಿನಿಂದ ಇದರ ಮೂಲ ಒಪ್ಪಂದ ಬದಲಾಗಿಲ್ಲ: ಮುಂಗಡವಿಲ್ಲ, ಬಳಸಿದಷ್ಟಕ್ಕೆ ಹಣ. ಈ ಒಪ್ಪಂದ ಲಾಭ ತರುವುದು ನೀವು ಬಳಸದಿದ್ದಾಗ ಆರಿಸಿದರೆ ಮಾತ್ರ. ತಿಂಗಳಿಗೆ ಸರಾಸರಿ 730 ಗಂಟೆ. ಪರೀಕ್ಷಾ ಸರ್ವರ್ ಒಂದನ್ನು ದಿನಕ್ಕೆ 10 ಗಂಟೆಯಂತೆ 22 ಕೆಲಸದ ದಿನ ಮಾತ್ರ ಓಡಿಸಿದರೆ 220 ಗಂಟೆ, ಅಂದರೆ ಶೇ. 30. ಆರಿಸುವವರಿಲ್ಲದೆ ಓಡುತ್ತಲೇ ಇದ್ದರೆ ಉಳಿದ ಶೇ. 70 ಸುಮ್ಮನೆ ಸೋರಿಹೋಗುತ್ತದೆ.

ಸದಾ ಓಡುವ ಯಂತ್ರಗಳಿಗೆ ಒಂದು ಅಥವಾ ಮೂರು ವರ್ಷದ ಬದ್ಧತೆ ಕೊಟ್ಟು ರಿಯಾಯಿತಿ ಪಡೆಯಬಹುದು. ಇಲ್ಲಿನ ಗೀಟು ಸರಳ. ರಿಯಾಯಿತಿ ಶೇ. 40 ಆದರೆ, ಆ ಯಂತ್ರ ಶೇ. 60ಕ್ಕಿಂತ ಹೆಚ್ಚು ಗಂಟೆ, ಅಂದರೆ ತಿಂಗಳಿಗೆ 438 ಗಂಟೆಗೂ ಮೇಲೆ ಓಡಿದರಷ್ಟೇ ಲಾಭ. ಗರಿಷ್ಠ ಹೊರೆಗೆ ಬದ್ಧತೆ ಕೊಡಬೇಡಿ. ವರ್ಷವಿಡೀ ಎಂದೂ ಇಳಿಯದ ತಳಮಟ್ಟಕ್ಕೆ ಮಾತ್ರ ಕೊಡಿ. ತಡೆತಡೆದು ನಡೆದರೂ ಚಿಂತೆಯಿಲ್ಲದ ಕೆಲಸಗಳಿಗೆ, ಉದಾಹರಣೆಗೆ ವಿಡಿಯೊ ಪರಿವರ್ತನೆ ಅಥವಾ ರಾತ್ರಿಯ ಲೆಕ್ಕಾಚಾರಕ್ಕೆ, ಸ್ಪಾಟ್ ಯಂತ್ರಗಳಿವೆ, ಪೂರೈಕೆದಾರರ ಬಳಿ ಆ ಹೊತ್ತಿಗೆ ಖಾಲಿ ಉಳಿದಂಥವು. ಬೆಲೆ ತೀರ ಕಡಿಮೆ. ಆದರೆ ಅಮೆಜಾನ್ ಎರಡು ನಿಮಿಷ, ಮೈಕ್ರೋಸಾಫ್ಟ್‌ನ ಅಜೂರ್ ಮತ್ತು ಗೂಗಲ್ ಸುಮಾರು 30 ಸೆಕೆಂಡ್ ಮುನ್ಸೂಚನೆ ಕೊಟ್ಟು ಯಂತ್ರ ಕಸಿದುಕೊಳ್ಳುತ್ತವೆ. ಕೆಲಸ ಎಲ್ಲಿಗೆ ನಿಂತಿತು ಎಂದು ಆಗಾಗ ಬರೆದಿಟ್ಟುಕೊಳ್ಳದ ಪ್ರೋಗ್ರಾಮಿಗೆ ಇದು ಹೇಳಿಸಿದ್ದಲ್ಲ.

ಬಿಲ್ ಊದಿಕೊಳ್ಳುವುದು ಸಾಮಾನ್ಯವಾಗಿ ಸರ್ವರ್ ಬಾಡಿಗೆಯಿಂದಲ್ಲ. ಒಳಬರುವ ಡೇಟಾ ಪುಕ್ಕಟೆ, ಹೊರಹೋಗುವುದಕ್ಕೆ ಪ್ರತಿ ಜಿಬಿಗೂ ಹಣ. ಕೆಲವು ಪೂರೈಕೆದಾರರಲ್ಲಿ ಒಂದೇ ರೀಜನಿನ ಒಂದು ಝೋನಿನಿಂದ (ಪ್ರತ್ಯೇಕ ಡೇಟಾ ಸೆಂಟರುಗಳ ಗುಂಪಿನಿಂದ) ಇನ್ನೊಂದಕ್ಕೆ ಹೋದರೂ ಹಣ. ಒಳಗಿನ ಯಂತ್ರಗಳನ್ನು ಇಂಟರ್ನೆಟ್‌ಗೆ ದಾಟಿಸುವ ಎನ್‌ಎಟಿ ಗೇಟ್‌ವೇಗೆ ಗಂಟೆಯ ಬಾಡಿಗೆ ಒಂದು, ಹಾದುಹೋದ ಡೇಟಾಕ್ಕೆ ಇನ್ನೊಂದು. ಯಂತ್ರ ಅಳಿಸಿದರೂ ಉಳಿದುಬಿಟ್ಟ ಡಿಸ್ಕ್, ಯಾರೂ ನೋಡದ ಹಳೆಯ ಸ್ನ್ಯಾಪ್‌ಶಾಟ್ (ಡಿಸ್ಕಿನ ಪ್ರತಿ), ಸುಮ್ಮನೆ ಹಿಡಿದಿಟ್ಟ ಐಪಿ ವಿಳಾಸ ಎಲ್ಲಕ್ಕೂ ಮೀಟರ್ ತಿರುಗುತ್ತಿರುತ್ತದೆ. ಅಮೆಜಾನ್ 2024ರ ಫೆಬ್ರುವರಿಯಿಂದ ಬಳಕೆಯಲ್ಲಿರುವ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಶುಲ್ಕ ಹಾಕುತ್ತಿದೆ. ಮೊದಲ ದಿನವೇ ಬಜೆಟ್ ಎಚ್ಚರಿಕೆ ಹಾಕಿ, ಪ್ರತಿ ವಸ್ತುವಿಗೂ ಮಾಲೀಕನ ಹೆಸರಿನ ಟ್ಯಾಗ್ ಕಡ್ಡಾಯ ಮಾಡಿ. ಎಚ್ಚರಿಕೆ ಬಂದ ಮಾತ್ರಕ್ಕೆ ಖರ್ಚು ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ.

ಸುರಕ್ಷತೆಯ ಮಾತಿಗೆ ಬಂದರೆ, ಕಟ್ಟಡ, ವಿದ್ಯುತ್, ಹೈಪರ್‌ವೈಸರ್ (ವರ್ಚುವಲ್ ಮಷೀನ್‌ಗಳನ್ನು ನಡೆಸುವ ತಂತ್ರಾಂಶ) ಪೂರೈಕೆದಾರರ ಹೊಣೆ. ಯಾರಿಗೆ ಯಾವ ಅನುಮತಿ, ಯಾವ ಬಕೆಟ್ (ಫೈಲುಗಳ ಸಂಗ್ರಹ) ಲೋಕಕ್ಕೆ ತೆರೆದಿದೆ ಎಂಬುದು ನಿಮ್ಮ ಹೊಣೆ. 2019ರ ಕ್ಯಾಪಿಟಲ್ ಒನ್ ಬ್ಯಾಂಕಿನ ಸೋರಿಕೆಯಲ್ಲಿ ಅಮೆರಿಕದ ಸುಮಾರು 10 ಕೋಟಿ ಜನರ ಮಾಹಿತಿ ಹೊರಹೋಯಿತು. ಅಲ್ಲಿ ದಾರಿ ಮಾಡಿಕೊಟ್ಟದ್ದು ಕ್ಲೌಡಿನ ಗ್ರಾಹಕನಾದ ಬ್ಯಾಂಕಿನ ಕಡೆಯ ತಪ್ಪಾಗಿ ಹೊಂದಿಸಿದ ಫೈರ್‌ವಾಲ್ ಮತ್ತು ಅದಕ್ಕಿದ್ದ ಅತಿಯಾದ ಅನುಮತಿ. ಇದೇ ತಪ್ಪು ಪ್ರೈವೇಟ್ ಕ್ಲೌಡಿನಲ್ಲೂ ಆಗಬಲ್ಲದು. ವ್ಯತ್ಯಾಸವೆಂದರೆ ಅಲ್ಲಿ ಹೈಪರ್‌ವೈಸರ್‌ಗೆ ತೇಪೆ ಹಾಕುವವರೂ ನೀವೇ.

ಪ್ರೈವೇಟ್ ಕ್ಲೌಡ್: ಕೊಂಡದ್ದೆಲ್ಲ ಕೈಗೆ ಸಿಗುವುದಿಲ್ಲ

ಪ್ರೈವೇಟ್‌ನ ಪರ ಇರುವ ದೊಡ್ಡ ವಾದ ಸಮತಟ್ಟಾದ, ದೊಡ್ಡ ಪ್ರಮಾಣದ ಹೊರೆ. ಫೈಲ್ ಸಂಗ್ರಹ ಸೇವೆ ಡ್ರಾಪ್‌ಬಾಕ್ಸ್ ಬಳಕೆದಾರರ ಡೇಟಾದ ಬಹುಪಾಲನ್ನು ಅಮೆಜಾನಿನಿಂದ ತನ್ನದೇ ವ್ಯವಸ್ಥೆಗೆ ಸಾಗಿಸಿತು. 2018ರಲ್ಲಿ ಷೇರು ಮಾರುಕಟ್ಟೆಗೆ ಬರುವ ಮುನ್ನ ಸಲ್ಲಿಸಿದ ದಾಖಲೆಯಲ್ಲಿ ಎರಡು ವರ್ಷದಲ್ಲಿ 7.46 ಕೋಟಿ ಡಾಲರ್ ಉಳಿಯಿತೆಂದು ತೋರಿಸಿತ್ತು. ಈ ಉದಾಹರಣೆಯನ್ನು ಎಲ್ಲರೂ ಎತ್ತುತ್ತಾರೆ. ಅಲ್ಲಿದ್ದದ್ದು 500 ಪೆಟಾಬೈಟ್‌ಗೂ ಹೆಚ್ಚು ಡೇಟಾ ಮತ್ತು ಸ್ವಂತ ಸ್ಟೋರೇಜ್ ತಂತ್ರಾಂಶ ಬರೆಯಬಲ್ಲ ಎಂಜಿನಿಯರುಗಳು ಎಂಬುದನ್ನು ಮಾತ್ರ ಮರೆಯುತ್ತಾರೆ.

ಸಣ್ಣ ಅಳತೆಯಲ್ಲಿ ಲೆಕ್ಕ ಹೀಗೆ ಸಾಗುತ್ತದೆ. ನಾಲ್ಕು ಸರ್ವರ್ ಕೊಂಡಿರಿ ಎನ್ನಿ. ಒಂದು ಕೆಟ್ಟರೂ, ಅಥವಾ ಅಪ್‌ಡೇಟ್‌ಗೆ ಇಳಿಸಿದರೂ, ಉಳಿದ ಮೂರು ಹೊರೆ ಹೊರಬೇಕು. ಹಾಗಾಗಿ ಲೆಕ್ಕಕ್ಕೆ ಸಿಗುವುದು ಶೇ. 75. ಅದನ್ನೂ ಕಂಠಮಟ್ಟ ತುಂಬುವಂತಿಲ್ಲ, ಶೇ. 80ಕ್ಕೆ ನಿಲ್ಲಿಸಿದರೆ ನಿಜವಾಗಿ ಬಳಸುವುದು ಕೊಂಡದ್ದರ ಶೇ. 60. ಸ್ಟೋರೇಜ್‌ನಲ್ಲಿ ಕಡಿತ ಇನ್ನೂ ಜೋರು. ಸೆಫ್ ಎಂಬ ಸ್ಟೋರೇಜ್ ತಂತ್ರಾಂಶ ಬಳಸಿ ಮೂರು ಪ್ರತಿ ಇಟ್ಟರೆ 100 ಟಿಬಿ ಡಿಸ್ಕಿಗೆ 33 ಟಿಬಿ, ಶೇ. 85 ತುಂಬಿದೊಡನೆ ಸೆಫ್ ಎಚ್ಚರಿಕೆ ಕೊಡಲು ಶುರುಮಾಡುವುದರಿಂದ ನೆಮ್ಮದಿಯಾಗಿ ಬಳಸಬಹುದಾದದ್ದು 28 ಟಿಬಿ. ಪೂರ್ತಿ ಪ್ರತಿಗಳ ಬದಲು ತುಣುಕುಗಳನ್ನಿಡುವ ಇರೇಷರ್ ಕೋಡಿಂಗ್ ಹಾಕಿ ಜಾಗ ಉಳಿಸಬಹುದು, ಆದರೆ ಸಣ್ಣಸಣ್ಣ ಬರಹಗಳ ಡೇಟಾಬೇಸ್‌ಗೆ ಅದು ನಿಧಾನ.

ವಿದ್ಯುತ್ ಲೆಕ್ಕವೂ ಬೇಕು. 400 ವ್ಯಾಟ್‌ನ ಎಂಟು ಸರ್ವರ್ ವರ್ಷಕ್ಕೆ ಸುಮಾರು 28,000 ಯೂನಿಟ್ ತಿನ್ನುತ್ತವೆ. ತಂಪು ಮಾಡುವುದು, ಯುಪಿಎಸ್ ನಷ್ಟ ಸೇರಿ ಪಿಯುಇ (ಯಂತ್ರಗಳ ವಿದ್ಯುತ್ತಿಗೆ ಒಟ್ಟು ವಿದ್ಯುತ್ತಿನ ಅನುಪಾತ) 1.6 ಆದರೆ 45,000ದ ಹತ್ತಿರ. ಇದರ ಮೇಲೆ ಬಿಡಿ ಡಿಸ್ಕುಗಳು, ಎರಡು ಸ್ವಿಚ್, ವಾರಂಟಿ ನವೀಕರಣ, ಐದನೇ ವರ್ಷದ ಹೊಸ ಖರೀದಿ, ಮತ್ತೆ ಆ ಐದು ಜನ. ಒಂದು ರ‍್ಯಾಕ್ ಕೂಡ ತುಂಬದ ಹೊರೆಗೆ ಸ್ವಂತ ಕ್ಲೌಡ್ ಕಟ್ಟುವುದು ನನ್ನ ಪ್ರಕಾರ ಖರ್ಚಿನ ಹವ್ಯಾಸ. ಕಾನೂನಿನ ಒತ್ತಾಯವಿದ್ದರೆ ಮಾತು ಬೇರೆ.

ಲೈಸೆನ್ಸ್‌ನ ಅಪಾಯವನ್ನೂ ಹಗುರವಾಗಿ ಎಣಿಸಬೇಡಿ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವರ್ಚುವಲ್ ಮಷೀನ್ ತಂತ್ರಾಂಶ ಮಾರುವ ವಿಎಂವೇರ್ ಅನ್ನು ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಎಲ್ಲವನ್ನೂ ಚಂದಾಗೆ ಬದಲಿಸಿತು. ‘ಸ್ವಂತದ್ದು, ಯಾರ ಹಂಗೂ ಇಲ್ಲ’ ಎಂದುಕೊಂಡಿದ್ದವರ ಬಜೆಟ್ ಒಂದೇ ಸಲಕ್ಕೆ ಅಲುಗಿತು. ಓಪನ್‌ಸ್ಟ್ಯಾಕ್, ಪ್ರಾಕ್ಸ್‌ಮಾಕ್ಸ್‌ನಂಥ ಮುಕ್ತ ತಂತ್ರಾಂಶದಲ್ಲಿ ಆ ಹಂಗಿಲ್ಲ. ಓಪನ್‌ಸ್ಟ್ಯಾಕ್‌ನ ಒಂದೊಂದು ಅಪ್‌ಗ್ರೇಡೂ ಪರಿಣತರನ್ನು ಕೇಳುತ್ತದೆ. ಪ್ರಾಕ್ಸ್‌ಮಾಕ್ಸ್ ಸಣ್ಣ ತಂಡಕ್ಕೆ ಹಗುರ, ಆದರೆ ಸ್ವಯಂಸೇವೆಯ ಪೋರ್ಟಲ್ ಮತ್ತು ಬಳಕೆಯ ಬಿಲ್ಲಿಂಗ್ ನೀವೇ ಜೋಡಿಸಿಕೊಳ್ಳಬೇಕು.

ಪ್ರತ್ಯೇಕತೆ ಬೇಕು, ಸರ್ವರ್ ಕಾಯುವ ಕೆಲಸ ಬೇಡ ಎನ್ನುವವರಿಗೆ ಹೋಸ್ಟೆಡ್ ಪ್ರೈವೇಟ್ ಒಂದು ಮಧ್ಯದ ಹಾದಿ. ಯಂತ್ರ ಪೂರೈಕೆದಾರರದ್ದು, ಬಳಕೆ ನಿಮ್ಮೊಬ್ಬರದ್ದು. ಪ್ರತಿ ಕೋರ್‌ಗೆ ಲೈಸೆನ್ಸ್ ಕೇಳುವ ಡೇಟಾಬೇಸ್‌ಗಳಿದ್ದರೆ ಪಬ್ಲಿಕ್‌ನೊಳಗಿನ ಡೆಡಿಕೇಟೆಡ್ ಹೋಸ್ಟ್ (ಒಬ್ಬರಿಗೇ ಮೀಸಲಾದ ಸರ್ವರ್) ಕೂಡ ಇದೇ ಕೆಲಸ ಮಾಡುತ್ತದೆ. ಅಮೆಜಾನ್ ಔಟ್‌ಪೋಸ್ಟ್ಸ್, ಅಜೂರ್ ಲೋಕಲ್‌ನಂಥವು ಪಬ್ಲಿಕ್ ಕ್ಲೌಡಿನ ತುಣುಕನ್ನು ನಿಮ್ಮ ಕಟ್ಟಡಕ್ಕೇ ತರುತ್ತವೆ. ಕಾರ್ಖಾನೆಯ ಯಂತ್ರಗಳ ಪಕ್ಕದಲ್ಲೇ ಲೆಕ್ಕಾಚಾರ ನಡೆಯಬೇಕಾದಲ್ಲಿ ಒಳ್ಳೆಯದೇ. ಆದರೆ ನಿಯಂತ್ರಣದ ಎಳೆ ಸಾಮಾನ್ಯವಾಗಿ ದೂರದ ರೀಜನಿಗೆ ಕಟ್ಟಿರುತ್ತದೆ. ಔಟ್‌ಪೋಸ್ಟ್ಸ್‌ನಲ್ಲಿ ಸಂಪರ್ಕ ಕಡಿದರೆ ಓಡುತ್ತಿರುವುದು ಓಡುತ್ತದೆ, ಹೊಸ ಯಂತ್ರ ಎಬ್ಬಿಸಲಾಗುವುದಿಲ್ಲ.

ಹೈಬ್ರಿಡ್: ಎಲ್ಲ ತಾಪತ್ರಯ ನಡುವಿನ ತಂತಿಯಲ್ಲಿ

ಹೈಬ್ರಿಡ್ ಅನ್ನು ಯಾರೂ ಮನಸಾರೆ ಆರಿಸಿಕೊಳ್ಳುವುದಿಲ್ಲ. ಹಳೆಯ ವ್ಯವಸ್ಥೆ ಬಿಡಲಾಗದು, ಹೊಸದು ಬೇಕು, ಹಾಗಾಗಿ ಎರಡೂ ಉಳಿದುಕೊಳ್ಳುತ್ತವೆ. ಅದರಲ್ಲಿ ತಪ್ಪಿಲ್ಲ, ಆದರೆ ಎರಡರ ನಡುವೆ ಗೆರೆ ಎಳೆಯುವ ಜಾಗ ಸರಿಯಿರಬೇಕು.

ತಪ್ಪು ಗೆರೆಯ ಮಾದರಿ ಇದು: ವೆಬ್ ಅಪ್ಲಿಕೇಶನ್ ಕ್ಲೌಡಿಗೆ ಹೋಯಿತು, ಡೇಟಾಬೇಸ್ ಕಟ್ಟಡದಲ್ಲೇ ಉಳಿಯಿತು. ಒಂದು ಪುಟ ತೆರೆಯಲು ಅಪ್ಲಿಕೇಶನ್ ಒಂದರ ಹಿಂದೊಂದು 60 ಪ್ರಶ್ನೆ ಕೇಳುತ್ತದೆ ಎಂದುಕೊಳ್ಳಿ. ಒಂದೇ ಕೋಣೆಯಲ್ಲಿ ಪ್ರತಿ ಪ್ರಶ್ನೆಗೆ ಅರ್ಧ ಮಿಲಿಸೆಕೆಂಡ್ ಹಿಡಿದರೆ ಒಟ್ಟು 30 ಮಿಲಿಸೆಕೆಂಡ್. ಹೋಗಿಬರಲು 20 ಮಿಲಿಸೆಕೆಂಡ್ ಬೇಕಾದರೆ 1.2 ಸೆಕೆಂಡ್. ಲೈನಿನ ಅಗಲ ಹೆಚ್ಚಿಸಿದರೆ ಇದು ಸರಿಹೋಗದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. 100 ಕಿಲೋಮೀಟರ್ ದೂರಕ್ಕೆ ಹೋಗಿಬರುವುದಕ್ಕೇ 1 ಮಿಲಿಸೆಕೆಂಡ್, ಅದಕ್ಕಿಂತ ಬೇಗ ಯಾವ ದುಡ್ಡಿಗೂ ಸಿಗದು. ಹೀಗೆ ಕ್ಷಣಕ್ಷಣಕ್ಕೂ ಮಾತಾಡಿಕೊಳ್ಳುವ ಭಾಗಗಳನ್ನು ಒಂದೇ ಕಡೆ ಇಡಿ. ಗಂಟೆಗೊಮ್ಮೆ ಫೈಲ್ ಕಳಿಸುವ, ಸರತಿಯಲ್ಲಿ ಸಂದೇಶ ಇಡುವ ಜಾಗದಲ್ಲಿ ಗೆರೆ ಎಳೆಯಿರಿ. ಬ್ಯಾಕಪ್, ವಿಪತ್ತಿನ ಕಾಲದ ಬದಲಿ ವ್ಯವಸ್ಥೆ, ವರದಿಗಳ ವಿಶ್ಲೇಷಣೆ ಇವು ಹೈಬ್ರಿಡ್‌ಗೆ ಹೇಳಿ ಮಾಡಿಸಿದವು. ಅಪ್ಲಿಕೇಶನ್‌ಗಳನ್ನು ಹಲವು ಯಂತ್ರಗಳ ಮೇಲೆ ಹಂಚಿ ನಡೆಸುವ ಕುಬರ್ನೆಟೀಸ್‌ನ ಒಂದೇ ಕ್ಲಸ್ಟರ್ ಅನ್ನು ಎರಡೂ ಕಡೆ ಚಾಚುವ ಸಾಹಸ ಬೇಡ. ಅದರ ನೆನಪಿನ ಕೋಶವಾದ ಇಟಿಸಿಡಿ 100 ಮಿಲಿಸೆಕೆಂಡಿಗೊಮ್ಮೆ ಮಿಡಿತ ಕಳಿಸುತ್ತದೆ, 1,000 ಮಿಲಿಸೆಕೆಂಡ್ ಕಳೆದರೂ ಮಿಡಿತ ಬಾರದಿದ್ದರೆ ಹೊಸ ನಾಯಕನ ಚುನಾವಣೆಗಿಳಿಯುತ್ತದೆ. ತಂತಿ ತಡವರಿಸಿದಷ್ಟು ಸಲವೂ ಚುನಾವಣೆ.

‘ಹೊರೆ ಹೆಚ್ಚಾದಾಗ ಮಾತ್ರ ಕ್ಲೌಡಿಗೆ ಉಕ್ಕಿಸುತ್ತೇವೆ’ ಎಂಬ ಯೋಜನೆ ಕಾಗದದ ಮೇಲೆ ಚೆಂದ. ಯಂತ್ರ ನಿಮಿಷದಲ್ಲಿ ಏಳುತ್ತದೆ, ಆದರೆ ಅದಕ್ಕೆ ಬೇಕಾದ ಡೇಟಾ ಬರುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಡೇಟಾ ಚಿಕ್ಕದು, ಲೆಕ್ಕಾಚಾರ ದೊಡ್ಡದು ಎಂಬಂಥ ಕೆಲಸಗಳಿಗಷ್ಟೇ ಇದು ಕೂಡಿಬರುತ್ತದೆ.

ನೆಟ್‌ವರ್ಕ್‌ನಲ್ಲಿ ಮೂರು ಕಡೆ ಎಡವುವುದು ಹೆಚ್ಚು. ಒಂದು, ಐಪಿ ವಿಳಾಸಗಳ ಘರ್ಷಣೆ. ಎರಡೂ ಕಡೆ 10.0.0.0/16 ಎಂಬ ಒಂದೇ ವಿಳಾಸ ಶ್ರೇಣಿ ಇಟ್ಟುಕೊಂಡಿದ್ದರೆ ಜೋಡಿಸುವ ದಿನ ಒಂದು ಕಡೆ ಪೂರ್ತಿ ವಿಳಾಸ ಬದಲಿಸಬೇಕು. ಅಪ್ಲಿಕೇಶನ್ ಓಡಿಸುವ ಡಾಕರ್ ತಂತ್ರಾಂಶ ತಾನಾಗಿ ಹಿಡಿಯುವ 172.17.0.0/16 ಇನ್ನೊಂದು ಮರೆಗುಂಡಿ. ಮೊದಲೇ ವಿಳಾಸಗಳ ನಕ್ಷೆ ಬರೆದಿಡಿ. ಎರಡು, ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ವಿಪಿಎನ್ ಸುರಂಗ ಪ್ರತಿ ಪ್ಯಾಕೆಟ್‌ಗೂ ತನ್ನ ಹೊದಿಕೆ ಸೇರಿಸುವುದರಿಂದ 1,500 ಬೈಟ್‌ನ ಪ್ಯಾಕೆಟ್ ಹಾಯುವುದಿಲ್ಲ. ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ ಎಂದಾದರೆ ಮೊದಲು ಇದನ್ನೇ ಸಂಶಯಿಸಿ. ರೂಟರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಸಾಗುವ ಡೇಟಾದ ಮಿತಿ) ಅನ್ನು 1,350ರ ಸುಮಾರಿಗೆ ಇಳಿಸಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಮೂರು, ಲಾಗಿನ್ ಮತ್ತು ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ). ಇವೆರಡೂ ಕಟ್ಟಡದಲ್ಲಿ ಮಾತ್ರ ಇದ್ದರೆ ತಂತಿ ಕಡಿದ ಕ್ಷಣ ಕ್ಲೌಡ್ ಭಾಗವೂ ಕುರುಡಾಗುತ್ತದೆ. ಎರಡೂ ಕಡೆ ಒಂದೊಂದು ಪ್ರತಿ ಇರಲಿ.

ಇನ್ನೊಂದು ಲೆಕ್ಕ ಕಹಿ. ಕಟ್ಟಡ, ತಂತಿ, ಕ್ಲೌಡ್ ಮೂರೂ ಶೇ. 99.9 ಆಗಿದ್ದು, ಕೆಲಸ ನಡೆಯಲು ಮೂರೂ ಬೇಕಿದ್ದರೆ ಒಟ್ಟು ಶೇ. 99.7, ತಿಂಗಳಿಗೆ 43 ನಿಮಿಷ ಇದ್ದದ್ದು ಎರಡು ಗಂಟೆ ದಾಟುತ್ತದೆ. ಎರಡನೇ ಲೈನ್ ತೆಗೆದುಕೊಳ್ಳುವಾಗ ಕಂಪನಿಯ ಹೆಸರಲ್ಲ, ಕೇಬಲ್ ಹೂತ ದಾರಿಯೇ ಬೇರೆಯೇ ಎಂದು ಕೇಳಿ. ಒಂದೇ ಹೊಂಡದಲ್ಲಿರುವ ಎರಡು ಕೇಬಲ್‌ಗೆ ಒಂದೇ ಜೆಸಿಬಿ ಸಾಕು.

ಕಮ್ಯುನಿಟಿ, ಮಲ್ಟಿಕ್ಲೌಡ್

ಕಮ್ಯುನಿಟಿ ಕ್ಲೌಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ನಿಯಮಕ್ಕೆ ಒಳಪಟ್ಟ ಸಂಸ್ಥೆಗಳು ಹಂಚಿಕೊಳ್ಳುವಂಥದ್ದು ಇದು. ಅಮೆಜಾನ್ 2011ರಲ್ಲಿ ಅಮೆರಿಕದ ಸರ್ಕಾರಿ ಕೆಲಸಗಳಿಗೆಂದು ತೆರೆದ ಗವ್‌ಕ್ಲೌಡ್ ಈ ಜಾತಿಗೆ ಹತ್ತಿರದ್ದು. ನಿಮ್ಮ ಕ್ಷೇತ್ರದಲ್ಲಿ ಅಂಥದ್ದು ಈಗಾಗಲೇ ಇದ್ದರೆ ಪರಿಶೋಧನೆಯ ಖರ್ಚು ಉಳಿಯುತ್ತದೆ. ಇಲ್ಲದಿದ್ದರೆ ನಾಲ್ಕು ಸಂಸ್ಥೆ ಸೇರಿ ಹೊಸದಾಗಿ ಕಟ್ಟಲು ಹೊರಡುವ ಮುನ್ನ, ನಡುವೆ ಒಬ್ಬರು ಹೊರನಡೆದರೆ ಅವರ ಪಾಲಿನ ಯಂತ್ರ ಯಾರದ್ದು ಎಂಬುದನ್ನು ಕರಾರಿನಲ್ಲಿ ಬರೆಸಿ.

ಮಲ್ಟಿಕ್ಲೌಡ್ ಅನ್ನು ಮಾರುವವರು ‘ಒಬ್ಬರು ಬಿದ್ದರೆ ಇನ್ನೊಬ್ಬರು’ ಎನ್ನುತ್ತಾರೆ. ಅದು ನಿಜವಾಗಬೇಕಾದರೆ ಡೇಟಾ ಎರಡೂ ಕಡೆ ಸದಾ ಸಮವಾಗಿರಬೇಕು, ಅನುಮತಿ ವ್ಯವಸ್ಥೆ ಎರಡು ಸಲ ಕಟ್ಟಬೇಕು, ಸಿಬ್ಬಂದಿ ಎರಡನ್ನೂ ಆಳವಾಗಿ ಬಲ್ಲವರಾಗಿರಬೇಕು. ಕ್ಲೌಡ್ ವ್ಯವಸ್ಥೆಯನ್ನು ಕೋಡ್ ಬರೆದು ಕಟ್ಟುವ ಟೆರಾಫಾರ್ಮ್ ಇದ್ದರೆ ಸಲೀಸು ಎಂಬುದೂ ಅರ್ಧ ಮಾತು. ಬರೆಯುವ ಭಾಷೆ ಒಂದೇ, ಆದರೆ ಅಮೆಜಾನಿಗೆ ಬರೆದ ಸಾಲುಗಳು ಅಜೂರ್‌ನಲ್ಲಿ ನಡೆಯುವುದಿಲ್ಲ. ಹೆಚ್ಚಿನವರಿಗೆ ಒಬ್ಬರೇ ಪೂರೈಕೆದಾರರ ಮೂರು ಝೋನ್‌ಗಳಲ್ಲಿ ಹರಡುವುದು ಇದಕ್ಕಿಂತ ಅಗ್ಗವಾಗಿ, ಇದಕ್ಕಿಂತ ಕಡಿಮೆ ಅಡಚಣೆಯಲ್ಲಿ ನಡೆಯುತ್ತದೆ.

ಆದರೆ ಬ್ಯಾಕಪ್ ಮಾತ್ರ ಬೇರೆಯವರಲ್ಲಿ ಇರಲೇಬೇಕು. 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಫ್ರಾನ್ಸಿನ ಕ್ಲೌಡ್ ಕಂಪನಿ ಒವಿಎಚ್‌ಕ್ಲೌಡ್‌ನ ಎಸ್‌ಬಿಜಿ2 ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ ಅನ್ನೂ ಅದೇ ಆವರಣದಲ್ಲಿಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡರು. 2024ರ ಮೇನಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯುನಿಸೂಪರ್‌ನ ಪ್ರೈವೇಟ್ ಕ್ಲೌಡ್ ಗೂಗಲ್ ಕ್ಲೌಡಿನಲ್ಲಿ ತಪ್ಪಾಗಿ ಹೊಂದಿಸಿದ ಸೆಟ್ಟಿಂಗ್ ಒಂದರಿಂದ ಅಳಿಸಿಹೋಯಿತು. ಎರಡು ಝೋನ್‌ಗಳಲ್ಲಿ ಹರಡಿದ್ದರೂ ಎರಡೂ ಕಡೆ ಹೋಯಿತು. ಮತ್ತೊಬ್ಬ ಪೂರೈಕೆದಾರರಲ್ಲಿ ಇಟ್ಟಿದ್ದ ಬ್ಯಾಕಪ್ ಅವರ ಕೈಹಿಡಿಯಿತು. ಬೇರೆ ಖಾತೆ, ಬೇರೆ ಪಾಸ್‌ವರ್ಡ್, ನಿಗದಿತ ದಿನದವರೆಗೆ ಯಾರೂ ಅಳಿಸಲಾಗದ ಬೀಗ: ಇಷ್ಟಕ್ಕೆ ಪೂರ್ಣ ಮಲ್ಟಿಕ್ಲೌಡ್ ಬೇಕಾಗಿಲ್ಲ.

ಯಾರಿಗೆ ಯಾವುದು

ಐದಾರು ಜನರ ತಂಡ, ಹೊಸ ಉತ್ಪನ್ನ, ಎಷ್ಟು ಗಿರಾಕಿ ಬರುತ್ತಾರೆಂದು ಗೊತ್ತಿಲ್ಲ ಎಂದರೆ ಪಬ್ಲಿಕ್, ಅದರಲ್ಲೂ ಮ್ಯಾನೇಜ್ಡ್ ಡೇಟಾಬೇಸ್ (ಪೂರೈಕೆದಾರರೇ ನಡೆಸುವುದು). ಸ್ವತಃ ಡೇಟಾಬೇಸ್ ನಡೆಸಿ ಉಳಿಸುವ ಹಣ ಒಂದು ಕೆಟ್ಟ ರಾತ್ರಿಗೆ ಸಾಲದು. ಕುಬರ್ನೆಟೀಸ್ ಈಗಲೇ ಬೇಡ.

ಬಜೆಟ್ ವರ್ಷಕ್ಕೊಮ್ಮೆ ನಿಗದಿಯಾಗಿ ಆಚೀಚೆ ಅಲುಗದ ಸಂಸ್ಥೆಗೆ ತಿಂಗಳ ಬಿಲ್ಲಿನ ಏರಿಳಿತವೇ ತಲೆನೋವು. ಅಂಥವರಿಗೆ ಹೋಸ್ಟೆಡ್ ಪ್ರೈವೇಟ್, ಇಲ್ಲವೇ ತಳಮಟ್ಟಕ್ಕೆ ಬದ್ಧತೆ ಕೊಟ್ಟ ಪಬ್ಲಿಕ್. ಹಲವು ರ‍್ಯಾಕ್‌ನಷ್ಟು ಸಮತಟ್ಟಾದ ಹೊರೆ, ಹೊರಹೋಗುವ ಡೇಟಾ ವಿಪರೀತ, ಯಂತ್ರ ನೋಡಿಕೊಳ್ಳಬಲ್ಲ ತಂಡ ಈ ಮೂರೂ ಇದ್ದರೆ ಪ್ರೈವೇಟ್ ಗೆಲ್ಲುತ್ತದೆ. ಮೂರರಲ್ಲಿ ಎರಡೇ ಇದ್ದರೆ ಐದು ವರ್ಷದ ಲೆಕ್ಕವನ್ನು ಸಿಬ್ಬಂದಿ ಸಂಬಳ ಸೇರಿಸಿ ಇನ್ನೊಮ್ಮೆ ಹಾಕಿ. ಆಸ್ಪತ್ರೆ, ಬ್ಯಾಂಕ್, ಕಾರ್ಖಾನೆಗಳಂಥಲ್ಲಿ ಉಪಕರಣದ ಪಕ್ಕ ಇರಲೇಬೇಕಾದದ್ದು, ನಿಯಮ ತಡೆಯುವುದು ಕಟ್ಟಡದಲ್ಲಿರಲಿ, ಮಿಕ್ಕದ್ದು ಪಬ್ಲಿಕ್‌ಗೆ ಹೋಗಲಿ; ಗೆರೆ ಎಲ್ಲಿ ಎಂದು ಮೇಲೆ ಹೇಳಿದ್ದೇನೆ.

ಸಹಿ ಹಾಕುವ ಮುನ್ನ ಎರಡು ಪರೀಕ್ಷೆ ಮಾಡಿ. ಬ್ಯಾಕಪ್‌ನಿಂದ ಖಾಲಿ ಖಾತೆಯೊಂದಕ್ಕೆ ಇಡೀ ಅಪ್ಲಿಕೇಶನ್ ಎಬ್ಬಿಸಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿ. ಆಮೇಲೆ ಹೊರಬರುವ ದಾರಿಯ ಲೆಕ್ಕ: ಎಷ್ಟು ಟಿಬಿ ಹೊರತೆಗೆಯಬೇಕು, ಎಷ್ಟು ದಿನ, ಯಾವ ಸೇವೆಗೆ ಬೇರೆಡೆ ಬದಲಿ ಇಲ್ಲ. ಸಂಪೂರ್ಣ ಬಿಟ್ಟುಹೋಗುವವರಿಗೆ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ 2024ರಲ್ಲಿ ಡೇಟಾ ಸಾಗಣೆ ಶುಲ್ಕ ಮನ್ನಾ ಮಾಡುವುದಾಗಿ ಘೋಷಿಸಿದವು. ಅದಕ್ಕೆ ಮೊದಲೇ ಅರ್ಜಿ ಹಾಕಬೇಕು, ಷರತ್ತುಗಳೂ ಇವೆ. ಮುಕ್ತ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿದ್ದ ಡೇಟಾ ಹೀಗೆ ವಾರದಲ್ಲಿ ಹೊರಬರುತ್ತದೆ. ಅಮೆಜಾನಿನ ಡೇಟಾಬೇಸ್ ಡೈನಮೊಡಿಬಿಯಂಥ ಒಬ್ಬರೇ ಕೊಡುವ ಸೇವೆಯ ಸುತ್ತ ಬರೆದ ಕೋಡ್ ಅನ್ನು ಮಾತ್ರ ತಿಂಗಳುಗಟ್ಟಲೆ ತಿದ್ದಬೇಕು. ಆ ತಿಂಗಳುಗಳ ಸಂಬಳವನ್ನೂ ಹೋಲಿಕೆಯ ಕೋಷ್ಟಕದಲ್ಲಿ ಒಂದು ಸಾಲಾಗಿ ಸೇರಿಸಿ.